ಉಸಿರಿನ ಉಂಗುರ

ವೈಶಾಖದ ಬೆಳಗು ಆರು ಗಂಟೆಗೇ ಕಣ್ಣು ಕುಕ್ಕತೊಡಗುತ್ತದೆ. ದಾರಣಾ ಹಿನ್ನೀರಿನ ದಡದಲ್ಲಿ, ಒಣಗಿ ಬಿರುಕುಬಿಟ್ಟ ಕೆಸರಿನ ಮೇಲೆ ನಿಂತು ನೀರನ್ನೇ ನೋಡುತ್ತಿದ್ದೆ. ಕೋಲು ಇನ್ನೂ ಚೀಲದಲ್ಲೇ ಇತ್ತು. ಬೇಸಿಗೆಯಲ್ಲಿ ನನ್ನ ಮೊದಲ ಅರ್ಧ ಗಂಟೆ ಹೀಗೇ ಹೋಗುತ್ತದೆ. ಜೊಂಡಿನ ಒತ್ತಿಗೆ ಒಂದು ಉಂಗುರ ಎದ್ದಿತು. ನೀರು ಚಿಮ್ಮಲಿಲ್ಲ, ಮೀನು ಹಾರಿದ ಸದ್ದೂ ಇಲ್ಲ. ಯಾರೋ ಬಾಯಿ ತೆರೆದು ಮುಚ್ಚಿದ ಹಾಗೆ ಒಂದು ಸಣ್ಣ ‘ಬುಳಕ್’, ಅಷ್ಟೆ. ಥರ್ಮಾಕೋಲ್ ತೆಪ್ಪದ ಮೇಲೆ ಕುಳಿತು ರಾತ್ರಿಯ ಬಲೆ ಎತ್ತುತ್ತಿದ್ದ ಕಾಕಾ ನನ್ನ ಕಡೆ ತಿರುಗಿ, “ಅಣ್ಣಾ, ಮರಳ ಶ್ವಾಸ ಘೇತೋಯ್” ಎಂದರು. ಮರಳ ಉಸಿರು ತಗೊಳ್ತಿದೆ.

ನಾಸಿಕ್ ರೋಡ್‌ನಿಂದ ದೇವಳಾಲಿ, ಭಗೂರು ದಾಟಿ ಈ ಹಿನ್ನೀರಿಗೆ ಬರಲು ಶುರುಮಾಡಿದ ಮೊದಲ ವರ್ಷಗಳಲ್ಲಿ ನನಗೆ ಇಂಥ ಉಂಗುರಗಳು ಕಾಣುತ್ತಿರಲಿಲ್ಲ. ದೂರಕ್ಕೆ ಎಸೆಯುವುದು, ಸುಂದರವಾಗಿ ಎಸೆಯುವುದು, ಇವೇ ತಲೆಯಲ್ಲಿದ್ದವು. ಬೇಸಿಗೆಯ ಜಲಾಶಯದಲ್ಲಿ ಫ್ಲೈ ಫಿಷಿಂಗ್ ಮಾಡುವವನು ಮೊದಲು ನೋಡಬೇಕಾದದ್ದು ಮೀನು ಹೇಗೆ ಉಸಿರಾಡುತ್ತಿದೆ ಎಂಬುದನ್ನು. ಗಾಳ, ದಾರ, ಕೋಲು ಎಲ್ಲ ಆಮೇಲೆ. ಈ ವಾರ ಬರೆಯುತ್ತಿರುವುದು ಅದನ್ನೇ.

ಮರಳ ಎಂದರೆ ನಮ್ಮ ಕೊರವ. ಕೆಲವು ಕಡೆ ಕುಚ್ಚುಮೀನು ಅನ್ನುತ್ತಾರೆ, ತೆಲುಗಿನವರಿಗೆ ಅದು ಕೊರಮೀನು. ಈ ದಾರಣಾ ಹೋಗಿ ಸೇರುವ ಗೋದಾವರಿ ಕೆಳಗೆ ಹರಿದು ಮುಟ್ಟುವ ತೆಲಂಗಾಣಕ್ಕೆ ಅದು ರಾಜ್ಯದ ಮೀನು. ಹಾವಿನಂಥ ಚಪ್ಪಟೆ ತಲೆ, ಕಣ್ಣಿನಾಚೆಗೂ ಸೀಳಿದ ಬಾಯಿ, ಒಳಗೆ ಚೂಪು ಹಲ್ಲು, ಬೆನ್ನುದ್ದಕ್ಕೂ ಒಂದೇ ರೆಕ್ಕೆ. ಬಾಲದ ಬುಡದಲ್ಲಿ ಕಣ್ಣಿನಂಥ ಚುಕ್ಕೆಯಿರುವ ಇನ್ನೊಂದು ಜಾತಿ ಇದಕ್ಕಿಂತ ದೊಡ್ಡದಾಗಿ ಬೆಳೆಯುತ್ತದೆ. ಎರಡೂ ಬೇಟೆಯನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುವ ಮೀನುಗಳಲ್ಲ. ಜೊಂಡಿನ ನೆರಳಲ್ಲಿ, ಅಂತರಗಂಗೆಯ ಅಂಚಿನಲ್ಲಿ, ಮುಳುಗಿದ ಜಾಲಿಯ ಬುಡದಲ್ಲಿ ಅಲ್ಲಾಡದೆ ಹೊಂಚು ಹಾಕಿ, ತಲೆಯ ಮೇಲೆ ಕಪ್ಪೆ ಹಾದರೆ ಒಂದೇ ಏಟಿಗೆ ನುಂಗುತ್ತವೆ.

ಅಮೆರಿಕದ ಗಾಳಗಾರರು ತಮ್ಮ ಲಾರ್ಜ್‌ಮೌತ್ ಬಾಸ್ ಬಗ್ಗೆ ಹೇಳುವುದೂ ಹೆಚ್ಚು ಕಡಿಮೆ ಇದನ್ನೇ. ಬಾಸ್ ಮೀನಿಗೆ ಅಲ್ಲಿ ದೊಡ್ಡದೊಂದು ಸಾಹಿತ್ಯವೇ ಇದೆ. ಜೇಮ್ಸ್ ಹೆನ್‌ಶಾಲ್ ಎಂಬ ವೈದ್ಯರು 1881ರಲ್ಲಿ ಆ ಒಂದೇ ಮೀನಿನ ಮೇಲೆ ಇಡೀ ಪುಸ್ತಕ ಬರೆದರು. ಜಾರ್ಜಿಯಾ ರಾಜ್ಯದಲ್ಲಿ ಜಾರ್ಜ್ ಪೆರಿ 1932ರಲ್ಲಿ ಹಿಡಿದ ಹತ್ತು ಕಿಲೋ ತೂಕದ ಬಾಸ್‌ನ ದಾಖಲೆಗೆ ಸರಿಸಾಟಿಯಾಗಿ ಇನ್ನೊಂದು ಸಿಗಲು 77 ವರ್ಷ ಬೇಕಾಯಿತು. 2009ರಲ್ಲಿ ಅದು ಸಿಕ್ಕಿದ್ದು ಜಪಾನಿನ ಬಿವಾ ಸರೋವರದಲ್ಲಿ, ಮನಾಬು ಕುರಿಟಾ ಅವರ ಗಾಳಕ್ಕೆ. ಬೇಸಿಗೆಯ ಜಲಾಶಯದಲ್ಲಿ ಬಾಸ್ ಹಿಡಿಯುವ ಬಗೆ ಕುರಿತು ಓದುತ್ತ ಹೋದರೆ ಅಲ್ಲಿನ ಉಪಾಯಗಳಲ್ಲಿ ಮುಕ್ಕಾಲು ಪಾಲು ನಮ್ಮ ಕೊರವನಿಗೂ ಒಪ್ಪುತ್ತವೆ. ನಸುಕಿನಲ್ಲಿ ದಡದ ಹತ್ತಿರ ಹುಡುಕು, ನೀರಿನ ಮೇಲೆ ತೇಲುವ ಹುಸಿ ಕಪ್ಪೆಯನ್ನು ಕಟ್ಟು, ಸೊಪ್ಪಿಗೆ ಸಿಕ್ಕಿಕೊಳ್ಳದ ಗಾಳ ಇಟ್ಟುಕೋ.

ಒಪ್ಪದೆ ಉಳಿಯುವ ಕಾಲು ಪಾಲಿನಲ್ಲಿ ಉಸಿರು ಬರುತ್ತದೆ.

ನೀರು ಬಿಸಿಯಾದಷ್ಟೂ ಅದು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಕಡಿಮೆಯಾಗುತ್ತದೆ. ಸಮುದ್ರಮಟ್ಟದಲ್ಲಿ 20 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ಸಿಹಿನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು. 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ನಾಸಿಕದಂಥ ಎತ್ತರದ ಊರಿನಲ್ಲಿ ಇನ್ನೂ ಸ್ವಲ್ಪ ಕಡಿಮೆ. ಅದೇ ಹೊತ್ತಿಗೆ ಮೀನಿನ ಮೈಯ ಬೇಡಿಕೆ ಏರಿರುತ್ತದೆ. ಹತ್ತು ಡಿಗ್ರಿ ಹೆಚ್ಚಾದರೆ ಅದರ ದೇಹದ ಕೆಲಸದ ವೇಗ ಹೆಚ್ಚು ಕಡಿಮೆ ಇಮ್ಮಡಿಯಾಗುತ್ತದೆ. ಹೀಗೆ ಖರ್ಚು ಏರಿ ಆದಾಯ ಇಳಿದ ಮನೆಯಂತೆ ಬೇಸಿಗೆಯ ಮೀನು ಬದುಕುತ್ತದೆ. ಆಳಕ್ಕೆ ಹೋಗಿ ತಂಪು ಹುಡುಕೋಣವೆಂದರೆ, ಆಳವಾದ ಜಲಾಶಯಗಳಲ್ಲಿ ಬೆಚ್ಚಗಿನ ಹಗುರ ನೀರು ಮೇಲೆ, ತಣ್ಣಗಿನ ಭಾರದ ನೀರು ಕೆಳಗೆ ಪದರಗಟ್ಟಿ ನಿಂತುಬಿಡುತ್ತದೆ. ಕೊಳೆತ ಸೊಪ್ಪು ಸದೆ ಕೆಳಪದರದ ಆಮ್ಲಜನಕವನ್ನು ತಿಂದುಹಾಕಿರುತ್ತದೆ. ಬಾಸ್, ಕಾಟ್ಲಾ, ರೋಹು, ಮಹಶೀರ್ ಎಲ್ಲಕ್ಕೂ ಇದೇ ಇಕ್ಕಟ್ಟು.

ಕೊರವನಿಗೆ ಈ ಇಕ್ಕಟ್ಟಿನಿಂದ ಹೊರಬರುವ ಬಾಗಿಲೊಂದಿದೆ. ಅದರ ಕಿವಿರುಗಳ ಮೇಲ್ಭಾಗದಲ್ಲಿ ಗಾಳಿಯಿಂದ ಉಸಿರು ಹೀರಲೆಂದೇ ಬೆಳೆದ ಒಂದು ಕೋಣೆಯಿದೆ. ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ಕುಡಿದು ಹೋಗುತ್ತದೆ. ಇದು ಅದಕ್ಕೆ ಅನಿವಾರ್ಯ. ಮೇಲೆ ಬರಲು ಬಿಡದೆ ನೀರಿನೊಳಗೇ ಹಿಡಿದಿಟ್ಟರೆ ಬೆಳೆದ ಕೊರವ ಉಸಿರುಗಟ್ಟಿ ಸಾಯುತ್ತದೆ. ಮೈ ಒದ್ದೆಯಾಗಿದ್ದರೆ ನೀರಿಲ್ಲದೆಯೂ ಗಂಟೆಗಟ್ಟಲೆ ಬದುಕುತ್ತದೆ. ಮಾರುಕಟ್ಟೆಯಲ್ಲಿ ಬೇರೆ ಮೀನುಗಳೆಲ್ಲ ಮಂಜಿನ ಮೇಲೆ ಮಲಗಿದ್ದರೆ, ಮರಳ ಮಾತ್ರ ಟಬ್ಬಿನಲ್ಲಿ ಬಾಲ ಬಡಿಯುತ್ತಿರುತ್ತದೆ. ಅದನ್ನು ಜೀವಂತ ಮಾರಲು ಸಾಧ್ಯವಾಗುವುದೂ ಈ ಕೋಣೆಯಿಂದಲೇ.

ಬೇಸಿಗೆಯಲ್ಲಿ ಕೋಲು ಹಿಡಿಯಬೇಕೆನ್ನಿಸಿದರೆ ನಾನು ಹುಡುಕಿಕೊಂಡು ಹೋಗುವುದು ಅದಕ್ಕೇ ಕೊರವನನ್ನು ಮಾತ್ರ. ಉಳಿದ ಮೀನುಗಳು ಬಿಸಿನೀರಿನಲ್ಲಿ ಹೋರಾಡಿ ಸೋತರೆ ಚೇತರಿಸಿಕೊಳ್ಳುವುದು ಕಷ್ಟ. ಗಾಳಿ ಕುಡಿಯಬಲ್ಲ ಮೀನಿಗೆ ಬದುಕಿಕೊಳ್ಳುವ ದಾರಿಯಿದೆ.

ನಾನು ಇದನ್ನು ಕಲಿತದ್ದು ಓದಿನಿಂದಲ್ಲ. ಕೆಲವು ವರ್ಷಗಳ ಹಿಂದೆ, ಒಂದು ಮೇ ತಿಂಗಳ ಹಗಲು ಹನ್ನೊಂದು ಗಂಟೆಗೆ, ನಾಲ್ಕನೇ ನಂಬರಿನ ಹಗುರ ಕೋಲಿಗೆ ನನಗೊಂದು ಮಹಶೀರ್ ಸಿಕ್ಕಿತು. ದಾರ ಸಣ್ಣದು, ಎಳೆದರೆ ತುಂಡಾದೀತೆಂದು ಇಪ್ಪತ್ತು ನಿಮಿಷಕ್ಕೂ ಮೇಲೆ ಆಡಿಸಿದೆ. ಬಂಗಾರದ ಹುರುಪೆಗಳು ಕೈಯಲ್ಲಿ ಹೊಳೆದವು. ಗಾಳ ಬಿಡಿಸಿ, ಎರಡೂ ಕೈಯಲ್ಲಿ ಹಿಡಿದು ನೀರಿನಲ್ಲಿ ನಿಲ್ಲಿಸಿದೆ. ಕಿವಿರು ಆಡಿತು, ನಿಂತಿತು, ಮತ್ತೆ ಆಡಿತು. ಮುಕ್ಕಾಲು ಗಂಟೆ ಹಾಗೇ ಹಿಡಿದುಕೊಂಡಿದ್ದೆ. ಕೈ ಬಿಟ್ಟಾಗ ಮೀನು ನಿಧಾನವಾಗಿ ಹೊಟ್ಟೆ ಮೇಲಾಗಿ ತೇಲಿತು. ಬಿಟ್ಟುಬಿಡುವ ಉದ್ದೇಶದಿಂದಲೇ ಹಿಡಿದ ಮೀನನ್ನು ನಾನೇ ಕೊಂದಿದ್ದೆ. ಆ ನೀರಿನ ಬಿಸಿ ಎಷ್ಟಿತ್ತೆಂದು ಅಳೆದು ನೋಡಿರಲಿಲ್ಲ. ಅಂದಿನಿಂದ ದಾರಕ್ಕೆ ಕಟ್ಟಿದ ಒಂದು ಥರ್ಮಾಮೀಟರ್ ನನ್ನ ಚೀಲದಲ್ಲಿದೆ. ಫೆಬ್ರವರಿ ಮುಗಿದ ಮೇಲೆ ಮಳೆ ಹಿಡಿಯುವವರೆಗೂ ಮಹಶೀರ್ ಇರುವ ನೀರಿಗೆ ನಾನು ಗಾಳ ಹಾಕುವುದಿಲ್ಲ.

ಇನ್ನು ಕೊರವನಿಗೆ ಕಟ್ಟುವ ಬಗೆ. ಎಂಟನೇ ನಂಬರಿನ ಕೋಲು ಬೇಕು. ಕೊರವ ದೊಡ್ಡ ದೂರ ಓಡುವುದಿಲ್ಲ. ಕಚ್ಚಿದ ಗಳಿಗೆಯಲ್ಲೇ ಜೊಂಡಿನ ಬುಡಕ್ಕೆ ನುಗ್ಗುತ್ತದೆ, ಅದನ್ನು ತಡೆಯಲು ಕೋಲಿನ ನಡುವಿನಲ್ಲಿ ಬಲವಿರಬೇಕು. ತೇಲುವ ದಾರವನ್ನು ಆಯುವಾಗ ನಮ್ಮ ಬಿಸಿಲನ್ನು ನೆನಪಿಟ್ಟುಕೊಳ್ಳಿ. ತಂಪು ದೇಶದ ಟ್ರೌಟ್ ನೀರಿಗೆಂದು ಮಾಡಿದ ದಾರ ಇಲ್ಲಿನ ಮೇ ತಿಂಗಳಲ್ಲಿ ಬೇಯಿಸಿದ ಶ್ಯಾವಿಗೆಯಂತೆ ಮೆತ್ತಗಾಗಿ ಕೋಲಿನ ಬಳೆಗಳಿಗೆ ಅಂಟಿಕೊಳ್ಳುತ್ತದೆ. ಉಷ್ಣವಲಯಕ್ಕೆಂದೇ ಗಟ್ಟಿ ತಿರುಳಿಟ್ಟು ಮಾಡಿದ ದಾರ ಬೇಕು. ಪ್ರತಿ ಸಲ ಮನೆಗೆ ಬಂದ ಮೇಲೆ ಅದನ್ನು ತೆಳು ಸೋಪುನೀರಿನಲ್ಲಿ ಒರೆಸಿಡಿ, ಪಾಚಿ ಅಂಟಿದ ದಾರ ತೇಲುವುದಿಲ್ಲ. ತುದಿಗೆ ಏಳು ಅಡಿ ನೈಲಾನ್ ಎಳೆ ಸಾಕು. ಕೊನೆಯ ಗೇಣುದ್ದ ಮಾತ್ರ 40 ಪೌಂಡಿನ ದಪ್ಪ ಎಳೆ, ಕೊರವನ ಹಲ್ಲಿಗಾಗಿ.

ಅಮೆರಿಕದವರು ಬಾಸ್‌ಗೆ ಜಿಂಕೆಯ ಕೂದಲಿನಿಂದ ಕಪ್ಪೆ ಕಟ್ಟುತ್ತಾರೆ. ನಾನು ಹಳೆಯ ಹವಾಯಿ ಚಪ್ಪಲಿಯ ಅಟ್ಟೆಯನ್ನು ಬ್ಲೇಡಿನಲ್ಲಿ ಕೊಯ್ದು ಕೆತ್ತುತ್ತೇನೆ. ಅದು ಎಷ್ಟು ಕಚ್ಚಿಸಿಕೊಂಡರೂ ಮುಳುಗುವುದಿಲ್ಲ. ಹಿಂದಕ್ಕೆ ಎರಡು ರಬ್ಬರ್ ಕಾಲು, ಕೆಳಗೆ ಮುಳ್ಳು ಚಪ್ಪಟೆ ಮಾಡಿದ ಒಂದೇ ಗಾಳ, ಗಾಳದ ಬಾಯಿಗೆ ಅಡ್ಡವಾಗಿ ನೈಲಾನಿನ ಎರಡು ಕುಣಿಕೆ. ಈ ಕುಣಿಕೆ ಸೊಪ್ಪನ್ನು ಆಚೆ ತಳ್ಳುತ್ತದೆ, ಮೀನಿನ ದವಡೆಗೆ ಸಿಕ್ಕಾಗ ಬಾಗುತ್ತದೆ. ಮುಳ್ಳು ಚಪ್ಪಟೆ ಮಾಡುವುದರಲ್ಲಿ ರಿಯಾಯಿತಿ ಬೇಡ. ಗಾಳ ಬಿಡಿಸಲು ಹಿಡಿಯುವ ಹೊತ್ತು ಅದರಿಂದ ಕಡಿಮೆಯಾಗುತ್ತದೆ.

ಎಸೆಯುವುದು ಹತ್ತು ಹನ್ನೆರಡು ಮೀಟರ್ ಸಾಕು. ಉಂಗುರ ಎದ್ದ ಜಾಗಕ್ಕೇ ಎಸೆದರೆ ಮೀನು ಬೆದರುತ್ತದೆ. ಗಾಳಿ ಕುಡಿದ ಕೊರವ ಅದೇ ತಾಣಕ್ಕೆ ಮರಳಿ ನಿಲ್ಲುವುದುಂಟು, ಮಾರುದ್ದ ಸರಿದು ನಿಲ್ಲುವುದೂ ಉಂಟು. ಎರಡನೇ ಉಂಗುರಕ್ಕೆ ಕಾಯಿರಿ. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಗೆರೆ ಎಳೆದುಕೊಂಡರೆ ಅದು ಮುಖ ಮಾಡಿದ ದಿಕ್ಕು ತಿಳಿಯುತ್ತದೆ. ಅದಕ್ಕೂ ಎರಡು ಮೊಳ ಮುಂದೆ, ಜೊಂಡಿನ ಎಲೆಯ ಮೇಲೆ ಕಪ್ಪೆಯನ್ನು ಇಳಿಸಿ, ಅಲ್ಲಿಂದ ಮೆಲ್ಲಗೆ ನೀರಿಗೆ ಜಾರಿಸಿ. ಒಂದು ಸಲ ಎಳೆಯಿರಿ, ನಿಲ್ಲಿಸಿ. ಉಂಗುರಗಳೆಲ್ಲ ಅಳಿದ ಮೇಲೆ ಮತ್ತೊಮ್ಮೆ ಎಳೆಯಿರಿ. ನೀರು ಸಿಡಿದ ಸದ್ದಿಗೆ ಕೈ ತಾನೇ ಮೇಲೇಳುತ್ತದೆ, ಅದನ್ನು ತಡೆಯಬೇಕು. ಕೊರವ ಬಾಯಿ ಮುಚ್ಚಿ ತಿರುಗಲು ಒಂದು ಎಣಿಕೆಯಷ್ಟು ಹೊತ್ತು ಕೊಟ್ಟು, ಕೋಲೆತ್ತದೆ ಎಡಗೈಯಿಂದ ದಾರವನ್ನೇ ಗಟ್ಟಿಯಾಗಿ ಸೆಳೆಯಿರಿ. ಆಮೇಲೆ ದಯೆ ತೋರುವ ಬಗೆಯೆಂದರೆ ಬಿರುಸಾಗಿ ಎಳೆದು ಎರಡು ನಿಮಿಷದೊಳಗೆ ಮುಗಿಸುವುದು. ಬಿಡುವಾಗ ಮಹಶೀರ್‌ನ ಹಾಗೆ ಆಳದಲ್ಲಿ ಹಿಡಿದು ನಿಲ್ಲಿಸಬಾರದು. ನೀರಿನ ಮಟ್ಟದಲ್ಲೇ, ಬಾಯಿ ಗಾಳಿಗೆ ಎಟಕುವಂತೆ ಅಂಗೈಯಲ್ಲಿ ಹಿಡಿದಿರಬೇಕು. ತಾನಾಗಿ ಒಂದು ಗುಟುಕು ಗಾಳಿ ಕುಡಿದ ಮೇಲೆ ಅದು ಹೋಗುತ್ತದೆ.

ಹೊತ್ತು ಯಾವುದು? ನಸುಕಿನಿಂದ ಎಂಟೂವರೆ, ಸಂಜೆ ಸೂರ್ಯ ಇಳಿದ ಮೇಲೆ ಕತ್ತಲಾಗುವವರೆಗೆ. ನಡುಹಗಲಿನಲ್ಲೂ ಕೊರವ ಉಸಿರಿಗೆ ಏಳುತ್ತಲೇ ಇರುತ್ತದೆ, ಆದರೆ ತಿನ್ನುವ ಮನಸ್ಸಿರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ ನಮ್ಮ ಜಲಾಶಯಗಳ ಬೇಸಿಗೆಗೆ ಇನ್ನೊಂದು ಗಡಿಯಾರವಿದೆ, ಇಲ್ಲಿನವರು ಅದನ್ನು ಆವರ್ತನ ಎನ್ನುತ್ತಾರೆ. ಕಾಲುವೆಗೆ ಸರದಿಯ ಪ್ರಕಾರ ನೀರು ಬಿಡುವ ಏರ್ಪಾಡು ಅದು. 1916ರ ದಾರಣಾ ಅಣೆಕಟ್ಟೆಯ ನೀರು ಕೆಳಗೆ ನಾಂದೂರ್ ಮಧ್ಯಮೇಶ್ವರದ ಒಡ್ಡಿಗೆ ಹೋಗಿ, ಅಲ್ಲಿಂದ ಗೋದಾವರಿಯ ಎಡ ಬಲ ಕಾಲುವೆಗಳಿಗೆ ಹರಿಯುತ್ತದೆ. ಆವರ್ತನ ಶುರುವಾದರೆ ನಿನ್ನೆ ಮೊಳಕಾಲುದ್ದ ನೀರಿದ್ದ ಜೊಂಡು ಇಂದು ಕೆಸರಿನಲ್ಲಿ ನಿಂತಿರುತ್ತದೆ. ಕೊರವ ಆಗ ಹಳೆಯ ಹೊಲದ ಬದು, ಮುಳುಗಿದ ಬಾವಿಯ ಕಟ್ಟೆ, ಕಲ್ಲಿನ ಪೌಳಿಗಳ ಹತ್ತಿರಕ್ಕೆ ಸರಿಯುತ್ತದೆ. ನೀರು ಇಳಿಯುವ ದಿನಗಳಲ್ಲಿ ನಾನು ಕೋಲು ಬಿಟ್ಟು ಹೋಗಿ ಈ ಬದು ಪೌಳಿಗಳನ್ನು ಪುಸ್ತಕದಲ್ಲಿ ಗುರುತು ಹಾಕಿಕೊಂಡು ಬರುತ್ತೇನೆ. ಮಳೆಗಾಲದ ನಂತರ ತುಂಬಿದ ಜಲಾಶಯದ ಮೇಲೆ ನಿಂತಾಗ ಕೆಳಗಿನ ನೆಲ ನನಗೆ ಕಾಣುತ್ತಿರುತ್ತದೆ. ಬೇಸಿಗೆ ಗಾಳಗಾರನಿಗೆ ಕೊಡುವ ದೊಡ್ಡ ಲಾಭ ಇದು.

ನೀರಿಗೆ ಇಳಿಯುವ ಮುಂಚೆ ಒಂದು ಮಾತು. ಜಲಾಶಯಗಳ ಮೀನಿನ ಹಕ್ಕು ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘಗಳಿಗೆ ಗುತ್ತಿಗೆಯಲ್ಲಿರುತ್ತದೆ. ಅವರನ್ನು ಕೇಳದೆ ಗಾಳ ಬಿಚ್ಚಬಾರದು. ನಾಂದೂರ್ ಮಧ್ಯಮೇಶ್ವರ ಪಕ್ಷಿಧಾಮ, ಮಹಾರಾಷ್ಟ್ರದ ಮೊದಲ ರಾಮ್ಸಾರ್ ಜೌಗುತಾಣ. ಇದೇ ಗೋದಾವರಿ ಹರಿದು ಹೋಗಿ ನಿಲ್ಲುವ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣದ ಜಾಯಕವಾಡಿಯೂ 1986ರಿಂದ ಪಕ್ಷಿಧಾಮ. ಸಂತ ಏಕನಾಥರ ಹೆಸರು ಹೊತ್ತ ಆ ನಾಥಸಾಗರದ ಹರವು ನೋಡಿದರೆ ಯಾವ ಗಾಳಗಾರನ ಕೈಯೂ ಚಡಪಡಿಸುತ್ತದೆ. ಅಲ್ಲಿಗೆ ನಾನು ದುರ್ಬೀನು ಮಾತ್ರ ಒಯ್ಯುತ್ತೇನೆ.

ಪೈಠಣದ ದಾರಿಯಲ್ಲಿ ನೆನಪಾಗುವವನು ಗಾಳದ ಬಗ್ಗೆ ಬರೆದಿಟ್ಟ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ, ಭೂಲೋಕಮಲ್ಲ. ನಮ್ಮ ಇಂದಿನ ಬಸವಕಲ್ಯಾಣದಿಂದ ಆಳಿದವನು. ನಾಸಿಕ್ ರೋಡ್‌ಗೆ ಹತ್ತಿರದ ಸಿನ್ನರದಿಂದ ಬೆಳೆದ ಸೇವುಣರು ಆ ಕಾಲಕ್ಕೆ ಕಲ್ಯಾಣದ ಸಾಮಂತರು. ಸೋಮೇಶ್ವರ ಸುಮಾರು 1130ರ ಹೊತ್ತಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜನ ವಿನೋದಗಳ ನಡುವೆ ಮತ್ಸ್ಯವಿನೋದಕ್ಕೂ ಜಾಗವಿದೆ. ಸುಮಾರು 35 ಬಗೆಯ ಮೀನುಗಳು, ಅವು ಕಡಲಿನವೋ ಹೊಳೆಯವೋ, ಹುರುಪೆ ಇರುವವೋ ಇಲ್ಲದವೋ, ಯಾವುದಕ್ಕೆ ಯಾವ ಆಹಾರ, ಗಾಳ ದಾರ ಹೇಗಿರಬೇಕು ಎಂಬ ವಿವರಗಳೆಲ್ಲ ಅಲ್ಲಿವೆ. ಭಾರತದ ಮೀನುಗಳ ದೊಡ್ಡ ವಿದ್ವಾಂಸ ಸುಂದರ್ ಲಾಲ್ ಹೋರಾ 1951ರಲ್ಲಿ ಈ ಭಾಗವನ್ನು ಅಭ್ಯಾಸ ಮಾಡಿ ಲೇಖನ ಬರೆದರು. ಬ್ರಿಟಿಷರ ಕಾಲದ ಹೆಸರಾಂತ ಗಾಳದ ಪುಸ್ತಕ ‘ದಿ ರಾಡ್ ಇನ್ ಇಂಡಿಯಾ’ ಕೂಡ 1873ರಲ್ಲಿ ಮೊದಲು ಅಚ್ಚಾದದ್ದು ಮಂಗಳೂರಿನಲ್ಲಿ. ಅದನ್ನು ಬರೆದ ಹೆನ್ರಿ ಸಲಿವನ್ ಥಾಮಸ್ ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದವರು. ಗಾಳವನ್ನು ಮರಾಠಿಯವರು ಗಳ ಎನ್ನುತ್ತಾರೆ. ಕೋಲು ಹಿಡಿದು ನೀರಿನ ಮುಂದೆ ಕೂರುವ ಈ ವಿದ್ಯೆ ನಮಗೆ ಹೊರಗಿನದೇನಲ್ಲ. ರಾಜನಾದವನೂ ಮೊದಲು ಮೀನಿನ ಸ್ವಭಾವವನ್ನು ಬರೆದಿಟ್ಟ ಎಂಬುದು ನನಗೆ ದೊಡ್ಡ ಪಾಠ.

ಈ ಹಿನ್ನೆಲೆಯಲ್ಲೇ ಇನ್ನೊಂದು ಮಾತು ಹೇಳಬೇಕು. ಗಾಳದ ಗೆಳೆಯರು ಸೇರಿದಾಗಲೆಲ್ಲ, ನಮ್ಮ ಜಲಾಶಯಗಳಿಗೂ ಬಾಸ್ ತಂದು ಬಿಟ್ಟರೆ ಎಷ್ಟು ಚೆನ್ನ ಎಂಬ ಮಾತು ಬರುತ್ತದೆ. ಬೇಡ. ಜಪಾನಿಗೆ 1925ರಲ್ಲಿ ತಂದು ಬಿಟ್ಟ ಬಾಸ್ ಅಲ್ಲಿನ ಕೆರೆಗಳ ಸ್ವಂತ ಮೀನುಗಳನ್ನು ತಿಂದು ಬೆಳೆಯಿತು. ದಾಖಲೆಯ ಬಾಸ್ ಸಿಕ್ಕ ಬಿವಾ ಸರೋವರದಲ್ಲೇ, ಹಿಡಿದ ಬಾಸನ್ನು ಮತ್ತೆ ನೀರಿಗೆ ಬಿಡಬಾರದೆಂದು 2003ರಿಂದ ಕಟ್ಟಳೆಯಿದೆ. ಅತ್ತ ಅಮೆರಿಕದಲ್ಲಿ 2002ರಲ್ಲಿ ಮೇರಿಲ್ಯಾಂಡಿನ ಕ್ರಾಫ್ಟನ್ ಎಂಬಲ್ಲಿ ನಮ್ಮ ಕೊರವನ ಚೀನೀ ದಾಯಾದಿ ಒಂದು ಕೊಳದಲ್ಲಿ ಮರಿ ಮಾಡಿದ್ದು ಕಂಡು, ಇಡೀ ಕೊಳಕ್ಕೆ ವಿಷ ಹಾಕಬೇಕಾಯಿತು. ನಮ್ಮ ಕಾವೇರಿಯಲ್ಲೂ ಹೀಗೆ ಆಗಿದೆ. ಹೊರಗಿನಿಂದ ತಂದು ಬಿಟ್ಟ ಡೆಕ್ಕನ್ ಮಹಶೀರ್ ಹೆಚ್ಚುತ್ತ ಹೋದಂತೆ, ಆ ಹೊಳೆಯದೇ ಆದ ಗೂನುಬೆನ್ನಿನ ಮಹಶೀರ್ ಕ್ಷೀಣಿಸುತ್ತ ಬಂದು, 2018ರಲ್ಲಿ ಅಳಿವಿನಂಚಿನ ಅತ್ಯಂತ ಗಂಭೀರ ಪಟ್ಟಿಗೆ ಸೇರಿತು. ಆ ಡೆಕ್ಕನ್ ಮಹಶೀರ್ ಕರ್ನಲ್ ಸೈಕ್ಸ್ ಎಂಬವರು 1839ರಲ್ಲಿ ಪುಣೆಯ ಹತ್ತಿರದ ಹೊಳೆಯಿಂದ ವಿವರಿಸಿದ, ಈ ಸೀಮೆಯದೇ ಮೀನು. ತನ್ನ ಹೊಳೆಯಲ್ಲಿ ಅದು ಒಡವೆ, ಕಾವೇರಿಯಲ್ಲಿ ಹೊರೆ. ಬಾಸ್ ಕೊಡುವ ಸುಖವನ್ನೆಲ್ಲ ಕೊಡುವ ಮೀನು ನಮ್ಮ ನೀರಿನಲ್ಲೇ, ನಮ್ಮ ಬಿಸಿಲಿಗೇ ಒಗ್ಗಿಕೊಂಡು, ಗಾಳಿ ಕುಡಿಯಲು ಕಲಿತು ಕೂತಿದೆ. ಅದರ ಉಂಗುರ ಗುರುತಿಸುವ ಕಣ್ಣು ನಮಗೆ ಬರಬೇಕು, ಅಷ್ಟೆ.

ಆ ವೈಶಾಖದ ಬೆಳಗಿಗೆ ಮರಳುತ್ತೇನೆ. ಥರ್ಮಾಮೀಟರ್ 29 ತೋರಿಸುತ್ತಿತ್ತು. ಎರಡನೇ ಉಂಗುರ ಎದ್ದಿತು, ಮೊದಲನೆಯದರ ಪಕ್ಕದಲ್ಲೇ. ಕೋಲು ಜೋಡಿಸಿ, ಕಪ್ಪೆ ಕಟ್ಟಿ, ಮಂಡಿಯೂರಿ ಮುಂದೆ ಸರಿದೆ. ಮೂರನೆಯದೂ ಅಲ್ಲೇ ಎದ್ದಿತು. ಹೊಂಚು ಹಾಕುವ ಕೊರವ ಇಷ್ಟು ಹೊತ್ತು ಇಷ್ಟು ಚಿಕ್ಕ ಜಾಗದಲ್ಲಿ ಸುತ್ತುವುದು ಅಪರೂಪ. ಆಮೇಲೆ ಕಂಡಿತು. ಜೊಂಡಿನ ಕಾಲ ಬಳಿ ನೀರಿನ ಮೇಲೆ ಒಂದು ಬೊಗಸೆಯಷ್ಟು ಕೇಸರಿ ಬಣ್ಣ ನಡುಗುತ್ತಿತ್ತು. ಸಾಸಿವೆ ಸಿಡಿದಂತೆ ಸಣ್ಣ ಸಣ್ಣ ಗುಳ್ಳೆಗಳು. ಬೆರಳಿನ ಉಗುರಿಗಿಂತ ತುಸು ದೊಡ್ಡ ನೂರಾರು ಮರಿಗಳು ತಮ್ಮ ಮೊದಮೊದಲ ಗಾಳಿಯನ್ನು ಕುಡಿಯುತ್ತಿದ್ದವು. ಕೆಳಗೆ ಕಪ್ಪು ನೆರಳೊಂದು ಅವುಗಳನ್ನು ಸುತ್ತುತ್ತಿತ್ತು.

ಮರಿ ಕಾಯುವ ಕೊರವನಷ್ಟು ಸುಲಭವಾಗಿ ಗಾಳಕ್ಕೆ ಬೀಳುವ ಮೀನಿಲ್ಲ. ಮರಿಗಳ ಮೇಲೆ ಏನು ಹಾದರೂ ಅದು ನುಗ್ಗುತ್ತದೆ, ಹಸಿವಿಲ್ಲದೆಯೂ ನುಗ್ಗುತ್ತದೆ. ಎರಡೇ ನಿಮಿಷ ಅದನ್ನು ಆಚೆ ಎಳೆದುಕೊಂಡರೂ ಸಾಕು, ಸುತ್ತ ಕಾದ ಬೇರೆ ಮೀನುಗಳು ಆ ಕೇಸರಿ ಬೊಗಸೆಯನ್ನು ಬರಿದು ಮಾಡಿಬಿಡುತ್ತವೆ. ನಾನು ಕಪ್ಪೆಯನ್ನು ದಾರದಿಂದ ಕತ್ತರಿಸಿ ಟೋಪಿಗೆ ಸಿಕ್ಕಿಸಿದೆ.

ಕಾಕಾ ತೆಪ್ಪದಲ್ಲಿ ಇತ್ತ ಬರುತ್ತಿದ್ದವರು ಕೈಯೆತ್ತಿ ಕೇಳಿದರು, ಯಾಕೆ ಎಸೆಯಲಿಲ್ಲ ಎಂದು. ಬೆರಳು ತೋರಿಸಿದೆ. ಅವರು ಹುಬ್ಬಿಗೆ ಕೈ ಅಡ್ಡ ಹಿಡಿದು ನೋಡಿದರು. “ಪಿಲ್ಲಂ ಆಹೇತ್,” ಎಂದರು ತಗ್ಗಿದ ದನಿಯಲ್ಲಿ. ಮರಿಗಳಿವೆ. ಆಮೇಲೆ ಆ ಜೊಂಡಿನ ಮುಂದೆ ಹರಡಬೇಕೆಂದು ತೊಡೆಯ ಮೇಲೆ ಬಿಡಿಸಿಟ್ಟುಕೊಂಡಿದ್ದ ಬಲೆಯನ್ನು ಮತ್ತೆ ಸುತ್ತಿ, ತೆಪ್ಪವನ್ನು ಆಚೆ ದಡಕ್ಕೆ ತಿರುಗಿಸಿದರು.